ಬೇಸಿಗೆಯಲ್ಲಿ ಟೊಮೆಟೊ ಹೂ ಉದುರಿದರೆ ಎಪ್ಸಮ್ ಉಪ್ಪು ಸಿಂಪಡಿಸಬೇಕೆ?

ಏಪ್ರಿಲ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ತಪ್ಪದೆ ತಿರುಗಾಡುತ್ತದೆ. ಟೊಮೆಟೊ ಗಿಡ ಹೂ ಬಿಟ್ಟು ಉದುರಿಸುತ್ತಿದೆಯೇ? ಲೀಟರ್ ನೀರಿಗೆ ಒಂದು ಚಮಚ ಎಪ್ಸಮ್ ಉಪ್ಪು ಕಲಸಿ ಸಿಂಪಡಿಸಿ, ಬುಡಕ್ಕೆ ಮೊಟ್ಟೆ ಚಿಪ್ಪಿನ ಪುಡಿ ಹಾಕಿ, ಹದಿನೈದೇ ದಿನದಲ್ಲಿ ಗಿಡದ ತುಂಬ ಕಾಯಿ! ಕೆಲವು ಸಂದೇಶಗಳಲ್ಲಿ ಉಪ್ಪಿನ ಬದಲು ಹುಳಿ ಮಜ್ಜಿಗೆ ಮತ್ತು ಇಂಗು ಇರುತ್ತದೆ. ಜೊತೆಗೆ ಗೊಂಚಲು ಗೊಂಚಲಾಗಿ ಕೆಂಪು ಹಣ್ಣು ಜೋತುಬಿದ್ದ ಒಂದು ಫೋಟೊ. ಆ ಫೋಟೊ ಯಾವ ದೇಶದ್ದು, ಯಾವ ತಿಂಗಳಿನದು ಎಂದು ಯಾರೂ ಕೇಳುವುದಿಲ್ಲ.

ಚಿಕ್ಕ ಉತ್ತರ ಇಷ್ಟು: ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಬೇಸಿಗೆಗೆ ಈ ಸಲಹೆ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಏಪ್ರಿಲ್-ಮೇನಲ್ಲಿ ಹೂ ಉದುರಲು ಮುಖ್ಯ ಕಾರಣ ಗೊಬ್ಬರದ ಕೊರತೆಯಲ್ಲ, ಬಿಸಿ. ಉಪ್ಪು, ಮಜ್ಜಿಗೆ, ಚಿಪ್ಪು ಯಾವುದೂ ಬಿಸಿಯನ್ನು ಇಳಿಸುವುದಿಲ್ಲ. ನಾಲ್ಕು ಕುಂಡ ಇಟ್ಟವರಿಗೆ ಇದರಿಂದ ಆಗುವ ನಷ್ಟ ಕಡಿಮೆ. ಸಾಲ ಮಾಡಿ ಅರ್ಧ ಎಕರೆ ಹಚ್ಚಿದವರು ಒಂದರ ಮೇಲೊಂದು ಸಿಂಪಡಣೆಗೆ ದುಡ್ಡು ಸುರಿದರೆ ಅದು ಸಣ್ಣ ಮಾತಲ್ಲ.

ಹೂವಿನೊಳಗೆ ಏನಾಗುತ್ತದೆ?

ಟೊಮೆಟೊ ಹೂವಿನಲ್ಲಿ ಗಂಡು-ಹೆಣ್ಣು ಭಾಗಗಳೆರಡೂ ಒಟ್ಟಿಗೇ ಇರುತ್ತವೆ. ನಡುವಿನ ಹಳದಿ ಕೊಳವೆಯೇ ಪರಾಗದ ಚೀಲ. ಗಾಳಿಗೆ ಹೂ ಅಲುಗಿದಾಗ, ಅಥವಾ ಬಡಗಿ ದುಂಬಿಯಂಥ ಜೇನುಜಾತಿಯ ಹುಳು ಬಂದು ಗುಂಯ್ ಎಂದು ನಡುಗಿಸಿದಾಗ, ಪರಾಗ ಉದುರಿ ಶಲಾಗ್ರಕ್ಕೆ ಅಂಟುತ್ತದೆ. ಕಾಯಿ ಕಚ್ಚುವುದು ಹೀಗೆ.

ಇದಕ್ಕೆ ಹಗಲು 21ರಿಂದ 30 ಡಿಗ್ರಿ, ರಾತ್ರಿ 15ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತವಾದ ಹವೆ. ಹಗಲು 35 ದಾಟಿದರೆ ಪರಾಗ ಸತ್ವ ಕಳೆದುಕೊಳ್ಳುತ್ತದೆ. ರಾತ್ರಿ 21-22ಕ್ಕಿಂತ ಮೇಲೇ ನಿಂತರೂ ಕಾಯಿ ಕಚ್ಚುವುದು ಕಡಿಮೆಯಾಗುತ್ತಾ ಹೋಗುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಮೇ ತಿಂಗಳ ಹಗಲು 40 ಡಿಗ್ರಿ ದಾಟುವುದು ಮಾಮೂಲಿ, ರಾತ್ರಿಯೂ 26-27ರ ಆಸುಪಾಸು. ಅಂದರೆ ಗಿಡಕ್ಕೆ ಹಗಲೂ ಬಿಡುವಿಲ್ಲ, ರಾತ್ರಿಯೂ ಬಿಡುವಿಲ್ಲ. ಬೀಜ ಕಟ್ಟದ ಹೂವನ್ನು ಸಾಕುವುದು ಗಿಡಕ್ಕೆ ದಂಡ. ತೊಟ್ಟಿನ ಗೆಣ್ಣಿನಲ್ಲಿ ಕಳಚಿ ಬೀಳಿಸುತ್ತದೆ.

ಗಾಳಿಯ ತೇವವೂ ಲೆಕ್ಕಕ್ಕೆ ಬರುತ್ತದೆ. ಬೇಸಿಗೆಯ ಒಣ ಬಿಸಿಗಾಳಿಗೆ ಶಲಾಗ್ರ ಒಣಗಿ ಪರಾಗ ಅಂಟುವುದಿಲ್ಲ. ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ಪರಾಗ ಮುದ್ದೆಯಾಗಿ ಉದುರುವುದೇ ಇಲ್ಲ. ಮಂಗಳೂರು, ಉಡುಪಿ ಕಡೆಯವರಿಗೆ ಈ ಎರಡನೆಯ ತಾಪತ್ರಯ ವರ್ಷದಲ್ಲಿ ಬಹುಕಾಲ ಇರುತ್ತದೆ.

ಹಾಗಾದರೆ ಕೆಲವರಿಗೆ ಫಲ ಸಿಕ್ಕಿದ್ದು ಹೇಗೆ?

ಈ ಪ್ರಶ್ನೆ ನ್ಯಾಯವಾದದ್ದು. "ನಾನು ಹೊಡೆದೆ, ಕಾಯಿ ಬಂತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರು ಹೊಡೆದದ್ದು ಯಾವಾಗ ಎಂದು ಕೇಳಿ ನೋಡಿ. ಮೇ ಕೊನೆಗೆ ಸಿಂಪಡಿಸುತ್ತಾರೆ, ಜೂನ್ ನಡುವೆ ಮಿರಗದ ಮಳೆ ಬೀಳುತ್ತದೆ, ಹವೆ ಇಳಿಯುತ್ತದೆ, ಹೂ ಕಾಯಿಯಾಗುತ್ತದೆ. ಮಳೆ ಮಾಡಿದ ಕೆಲಸದ ಹೆಸರು ಉಪ್ಪಿಗೆ ಹೋಗುತ್ತದೆ. ಇನ್ನೊಂದು ಸಂಗತಿ: ಪರಾಗ ಬಿಸಿಗೆ ಅತಿ ಹೆಚ್ಚು ನಲುಗುವುದು ಹೂ ಅರಳಿದ ದಿನವಲ್ಲ, ಅದಕ್ಕೂ ಸುಮಾರು 8ರಿಂದ 13 ದಿನ ಮೊದಲು, ಮೊಗ್ಗಿನಲ್ಲಿರುವಾಗ. ಹಾಗಾಗಿ ಬಿಸಿ ಇಳಿದ ಮೇಲೂ ವಾರ-ಹತ್ತು ದಿನ ಹೂ ಉದುರುತ್ತಲೇ ಇದ್ದು, ಆಮೇಲೆ ನಿಲ್ಲುತ್ತದೆ. ಸಂದೇಶದ "ಹದಿನೈದು ದಿನ" ಇಲ್ಲಿಗೆ ಸರಿಯಾಗಿ ಹೊಂದಿಕೊಳ್ಳುತ್ತದೆ! ಎರಡು ಸಾಲು ಗಿಡಕ್ಕೆ ಹೊಡೆದು ಎರಡು ಸಾಲು ಹಾಗೇ ಬಿಟ್ಟಿದ್ದರೆ ಯಾವುದರಿಂದ ಕಾಯಿ ಬಂತೆಂದು ಅವರಿಗೇ ಗೊತ್ತಾಗುತ್ತಿತ್ತು.

ಯಾವ ಸಿಂಪಡಣೆಯೂ ಕೆಲಸ ಮಾಡುವುದಿಲ್ಲ ಎಂದರೆ ಅದೂ ತಪ್ಪಾಗುತ್ತದೆ. ಎನ್‌ಎಎಯಂಥ ಸಸ್ಯ ಹಾರ್ಮೋನುಗಳು ಪರಾಗದ ನೆರವಿಲ್ಲದೆ ಒಂದಿಷ್ಟು ಕಾಯಿ ಕಚ್ಚಿಸಬಲ್ಲವು. ಆದರೆ ಅವುಗಳ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ ಇಂತಿಷ್ಟು ಎಂಬ ಲೆಕ್ಕದ್ದು. ಚಮಚದ ಅಳತೆಗೆ ಸಿಗುವಂಥದ್ದಲ್ಲ. ಹೆಚ್ಚಾದರೆ ಎಲೆ ಮುರುಟಿ ಕಾಯಿ ವಿಕಾರವಾಗುತ್ತದೆ. ತೋಟಗಾರಿಕೆ ಇಲಾಖೆಯವರನ್ನು ಕೇಳದೆ ಕೈ ಹಾಕಬೇಡಿ.

ಕರಿ ಮಣ್ಣಿಗೆ ಮೊಟ್ಟೆ ಚಿಪ್ಪು

ಈ ಸಲಹೆ ಹುಟ್ಟಿದ್ದು ಬೇರೆ ಮಣ್ಣಿನಲ್ಲಿ. ಮಳೆ ಹೆಚ್ಚಿರುವ, ಹುಳಿ ಗುಣದ ಮಣ್ಣಿನಲ್ಲಿ ಸುಣ್ಣದ ಅಂಶ ತೊಳೆದು ಹೋಗಿರುತ್ತದೆ. ಅಲ್ಲಿ ಸುಣ್ಣ ಸೇರಿಸುವುದಕ್ಕೆ ಅರ್ಥವಿದೆ. ಭೀಮಾ ತೀರದ ಕರಿ ಎರೆ ಮಣ್ಣು ಇದಕ್ಕೆ ಉಲ್ಟಾ. ಅದು ಸುಣ್ಣದ ಕಲ್ಲಿನ ಹರಳು ಬೆರೆತ ಕ್ಷಾರ ಮಣ್ಣು. ರಸಸಾರ, ಅಂದರೆ ಪಿಎಚ್, ಹಲವು ಹೊಲಗಳಲ್ಲಿ 8ರ ಮೇಲಿರುತ್ತದೆ. ಮೊಟ್ಟೆ ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಕರಗಲು ಹುಳಿ ಬೇಕು. ಕ್ಷಾರ ಮಣ್ಣಿನಲ್ಲಿ ಅದು ಚಿಪ್ಪಾಗಿಯೇ ಉಳಿಯುತ್ತದೆ. ಒಲೆಯ ಬೂದಿ ಹಾಕಿದರೆ ಕ್ಷಾರ ಇನ್ನೂ ಏರಿ, ಕಬ್ಬಿಣ ಮತ್ತು ಸತು ಬೇರಿಗೆ ಸಿಗದೆ ಹೊಸ ಎಲೆ ಹಳದಿಯಾಗುತ್ತವೆ.

ಕಾಯಿಯ ತಳ ಕಪ್ಪಾಗಿ ಕುಳಿ ಬೀಳುವ ತುದಿ ಕೊಳೆಗೂ ಇದೇ ಚಿಪ್ಪನ್ನು ಹೇಳುತ್ತಾರೆ. ಆ ರೋಗ ಕ್ಯಾಲ್ಸಿಯಂ ಕಾಯಿಗೆ ತಲುಪದ್ದರಿಂದ ಬರುವುದು ನಿಜ. ಆದರೆ ಕರಿ ಮಣ್ಣಿನಲ್ಲಿ ಕ್ಯಾಲ್ಸಿಯಂಗೆ ಬರವಿಲ್ಲ, ಅದನ್ನು ಹೊತ್ತೊಯ್ಯುವ ನೀರಿಗೆ ಬರ. ನಾಲ್ಕು ದಿನ ಒಣಗಿಸಿ ಐದನೇ ದಿನ ಕೆರೆ ಮಾಡಿದರೆ ತುದಿ ಕೊಳೆಯುತ್ತದೆ. ಎಪ್ಸಮ್ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ಇಳಿಯುವುದರಿಂದ, ಬುಡಕ್ಕೆ ಸುರಿದರೆ ರೋಗ ಇನ್ನಷ್ಟು ಹೆಚ್ಚಬಹುದು. ಮೆಗ್ನೀಸಿಯಂ ಕೊರತೆ ನಿಜವಾಗಿಯೂ ಇದ್ದರೆ ಕೆಳಗಿನ ಹಳೆ ಎಲೆಗಳ ನರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಆಗ ಈ ಉಪ್ಪಿಗೆ ಕೆಲಸವಿದೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಮೆಗ್ನೀಸಿಯಂ ಇಲ್ಲ. ಪರೀಕ್ಷೆಗೆ ಕೊಡುವಾಗ ಅದನ್ನು ಬೇರೆಯಾಗಿ ಕೇಳಬೇಕು. ರಸಸಾರ, ಸತು, ಕಬ್ಬಿಣ ಮಾತ್ರ ಆ ಕಾರ್ಡಿನಲ್ಲೇ ಸಿಗುತ್ತವೆ.

ಯಾವಾಗ ಹಚ್ಚಬೇಕು?

ಇಲ್ಲಿ ಔಷಧಿಗಿಂತ ಪಂಚಾಂಗ ದೊಡ್ಡದು. ಪುಬ್ಬ-ಉತ್ತರಿ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್‌ನಲ್ಲಿ, ಸಸಿ ಮಡಿ ಮಾಡಿ. 25-30 ದಿನದ ಸಸಿಯನ್ನು ಹಸ್ತ-ಚಿತ್ತಿ ಮಳೆಯ ಹೊತ್ತಿಗೆ ನಾಟಿ ಮಾಡಿ. ದೀಪಾವಳಿ ಆದ ಮೇಲೆ ಹೂ ಬರುವಾಗ ರಾತ್ರಿ ತಣ್ಣಗಾಗಿರುತ್ತದೆ. ಎಳ್ಳಮವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ಯುವ ಹೊತ್ತಿಗೆ ಮೊದಲ ಹಣ್ಣು ಕೈಗೆ ಬರುತ್ತದೆ. ಫೆಬ್ರವರಿ ಮುಗಿಯುವವರೆಗೆ ಕೊಯ್ಲು ನಡೆಯುತ್ತದೆ.

ಮೂರು ತಾಲ್ಲೂಕುಗಳೂ ಒಂದೇ ಅಲ್ಲ. ಕೃಷಿ ಹವಾಮಾನ ವಲಯಗಳ ಲೆಕ್ಕದಲ್ಲಿ ಆಳಂದ ಬೀದರ್ ಜೊತೆ ಈಶಾನ್ಯ ಪರಿವರ್ತನಾ ವಲಯಕ್ಕೆ ಸೇರುತ್ತದೆ. ಅಫಜಲಪುರ, ಜೇವರ್ಗಿ ಎರಡೂ ಈಶಾನ್ಯ ಒಣ ವಲಯದಲ್ಲಿವೆ. ಭೀಮಾ ದಂಡೆಯಲ್ಲಿ ನೀರಿದೆ ಎಂದ ಮಾತ್ರಕ್ಕೆ ಮೇ ತಿಂಗಳ ರಾತ್ರಿ ತಣ್ಣಗಾಗುವುದಿಲ್ಲ.

ಎರೆ ಮಣ್ಣಿನಲ್ಲಿ ಮಳೆಗಾಲದ ನೀರು ನಿಂತರೆ ಬೇರು ಕೊಳೆಯುತ್ತದೆ. ಏರು ಮಡಿ ಮಾಡಿ ಅದರ ಮೇಲೆ ಹಚ್ಚಿ. ಬುಡಕ್ಕೆ ಜೋಳದ ಕಣಿಕೆ ಚೂರು ಅಥವಾ ಕಬ್ಬಿನ ರವದಿ ಹೊದಿಸಿದರೆ ನೆಲ ಬಿರಿಯುವುದು ತಪ್ಪಿ ತೇವ ಉಳಿಯುತ್ತದೆ. ಎಲೆ ಮುಟುರು ರೋಗ ವೈರಸ್ಸಿನದು. ಬಿಳಿ ನೊಣ ಅದನ್ನು ಹರಡುತ್ತದೆ, ಮತ್ತು ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಸಸಿ ಮಡಿಗೆ ಸೊಳ್ಳೆ ಪರದೆಯಂಥ ನೈಲಾನ್ ಬಲೆ ಕಟ್ಟುವುದು, ಹೊಲದ ಸುತ್ತ ಮೊದಲೇ ಮೆಕ್ಕೆಜೋಳದ ಸಾಲು ಬೆಳೆಸುವುದು, ರೋಗ ಬಂದ ಗಿಡ ಕಿತ್ತು ಸುಡುವುದು, ಇವಿಷ್ಟೇ ದಾರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆ ಮುಟುರು, ಸೊರಗು ಮತ್ತು ಎಲೆ ಅಂಗಮಾರಿ ಮೂರನ್ನೂ ತಡೆಯುವಂತೆ ಬೆಳೆಸಿದ್ದು. ರೋಗ ತಡೆಯುತ್ತದೆ ಎಂದರೆ 42 ಡಿಗ್ರಿಯನ್ನೂ ತಡೆಯುತ್ತದೆ ಎಂದಲ್ಲ.

ಬೇಸಿಗೆಯಲ್ಲಿ ಟೊಮೆಟೊ ಬೇಕೇ ಬೇಕು ಎನ್ನುವವರು ನಾಲ್ಕಾರು ಗಿಡಕ್ಕೆ ಮಧ್ಯಾಹ್ನದ ನೆರಳು ಸಿಗುವ ಪೂರ್ವ ದಿಕ್ಕಿನ ಗೋಡೆ ಹುಡುಕಿ, ಅಥವಾ ಅರ್ಧ ಬಿಸಿಲು ತಡೆಯುವ ಶೇಡ್ ನೆಟ್ ಕಟ್ಟಿ. ಕಪ್ಪು ಬಕೆಟ್ ಬೇಡ, ಬೇರು ಬೇಯುತ್ತದೆ. ಬೆಳಿಗ್ಗೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಇಷ್ಟು ಮಾಡಿದರೂ ಸಿಗುವುದು ಸಾರಿಗೆ ಆಗುವಷ್ಟು, ಸಂತೆಗೆ ಒಯ್ಯುವಷ್ಟಲ್ಲ.

ಬೇಸಿಗೆ ಸಹಿಸುವ ತರಕಾರಿ

ಬೆಂಡೆ, ಚವಳಿಕಾಯಿ, ಹೀರೆ, ಹಾಗಲ, ಸೌತೆ, ಪುಂಡಿ ಪಲ್ಲೆ, ರಾಜಗಿರಿ. ನೀರು ಕೊಟ್ಟರೆ ಇವು ಬಿಸಿಲಿಗೆ ಅಷ್ಟು ಅಂಜುವುದಿಲ್ಲ. ಬದನೆ ಟೊಮೆಟೊಗಿಂತ ಗಟ್ಟಿ, ಮೆಣಸಿನಕಾಯಿ ಮಾತ್ರ ಅದರಂತೆಯೇ ಹೂ ಉದುರಿಸುತ್ತದೆ. ಮೆಂತ್ಯೆ, ಕೊತ್ತಂಬರಿ ಬೇಗ ಹೂವಿಗೆ ಹೋಗುತ್ತವೆ. ಹೀರೆ-ಸೌತೆ ಬಳ್ಳಿಯಲ್ಲಿ ಮೊದಲು ಬರುವ ಹೂಗಳು ಗಂಡು, ಅವು ಉದುರಲೇಬೇಕು. ಅದಕ್ಕೂ ಫಾರ್ವರ್ಡ್ ಔಷಧಿ ಹೊಡೆಯಬೇಡಿ. ಹೀರೆ ಹೂ ಅರಳುವುದು ಸಂಜೆ, ಸೌತೆಯದು ಬೆಳಿಗ್ಗೆ. ಜೇನು ಕಾಣದಿದ್ದರೆ ಆ ಹೊತ್ತಿಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ತಾಗಿಸಿ.

ಮಜ್ಜಿಗೆಯ ಮಾತು ಬಿಟ್ಟೆವು. ಹಾಲು ಬೆರೆಸಿದ ನೀರು ಸಿಹಿಗುಂಬಳದ ಜಾತಿಯ ಬಳ್ಳಿಯಲ್ಲಿ ಬೂದಿ ರೋಗ ತಗ್ಗಿಸಿದ್ದನ್ನು ಬ್ರೆಜಿಲ್‌ನ ಪ್ರಯೋಗವೊಂದು 1999ರಲ್ಲಿ ತೋರಿಸಿತ್ತು. ಅದು ಎಲೆಯ ಮೇಲಿನ ಶಿಲೀಂಧ್ರದ ಕಥೆ. ಹೂ ಉದುರುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಳದಿ ಹಣ್ಣು ವಿಷವೇ?

ಇದೇ ದಿನಗಳಲ್ಲಿ ಇನ್ನೊಂದು ಸಂದೇಶವೂ ಬರುತ್ತದೆ: ಹಳದಿ-ಕಿತ್ತಳೆ ಬಣ್ಣದ ಟೊಮೆಟೊ ಕಂಡರೆ ಅದಕ್ಕೆ ರಾಸಾಯನಿಕ ಹಾಕಿದ್ದಾರೆ, ಕೊಳ್ಳಬೇಡಿ ಎಂದು. ಹಣ್ಣಿಗೆ ಕೆಂಪು ಕೊಡುವ ಲೈಕೋಪೀನ್ ಸುಮಾರು 30 ಡಿಗ್ರಿ ದಾಟಿದರೆ ಸರಿಯಾಗಿ ತಯಾರಾಗುವುದಿಲ್ಲ. ಹಳದಿ ಬಣ್ಣದ ಕ್ಯಾರೊಟಿನ್ ಮಾತ್ರ ತಯಾರಾಗುತ್ತಿರುತ್ತದೆ. ಬೇಸಿಗೆ ಹೊಲದ ಹಣ್ಣು ಕಿತ್ತಳೆಯಾಗಿಯೇ ನಿಲ್ಲುವುದು ಅದಕ್ಕೆ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದಕ್ಕೆ ನಮ್ಮ ದೇಶದಲ್ಲಿ ನಿಷೇಧವಿದೆ, ಆದರೆ ಬಣ್ಣ ನೋಡಿ ಅದನ್ನು ಪತ್ತೆ ಹಚ್ಚಲಾಗುವುದಿಲ್ಲ. ಬೆಳೆದವರು ಬಣ್ಣ ತಿರುಗುವ ಹೊತ್ತಿಗೇ ಕಿತ್ತು, ಮನೆಯ ತಂಪು ಮೂಲೆಯಲ್ಲಿ ಗಾಳಿಯಾಡುವಂತೆ ಹರಡಿದರೆ ಗಿಡದಲ್ಲಿ ಬಿಟ್ಟಿದ್ದಕ್ಕಿಂತ ಚೆನ್ನಾಗಿ ಕೆಂಪಾಗುತ್ತದೆ.