ಸೀಸಕ ಮತ್ತು ಶೀರ್ಷ

ನಮ್ಮ ಪ್ರಾಚೀನ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಯೋಧನು ತಲೆಗೆ ತೊಡುವ ಕಾಪಿಗೆ ‘ಸೀಸಕ’ವೆಂಬ ಹೆಸರಿದೆ. ಇದಕ್ಕೂ ಸೀಸವೆಂಬ ಲೋಹಕ್ಕೂ ಸಂಬಂಧವಿಲ್ಲ. ಇದು ಸಂಸ್ಕೃತದ ‘ಶೀರ್ಷಕ’ದ ತದ್ಭವ, ಶೀರ್ಷವೆಂದರೆ ತಲೆ. ‘ಶಿರಸ್ತ್ರಾಣ’ ಪದದಲ್ಲಿಯೂ ತಲೆಯೇ ಮುಖ್ಯ, ತ್ರಾಣವೆಂದರೆ ರಕ್ಷಣೆ.

ಲ್ಯಾಟಿನ್ ಭಾಷೆಯ ಕ್ರಮ ಬೇರೆ. 636ರಲ್ಲಿ ಕಾಲವಾದ ಸ್ಪೇನಿನ ವಿದ್ವಾಂಸ ಇಸಿಡೋರನು, ಲೋಹದ ತಗಡಿನದು ‘ಕ್ಯಾಸಿಸ್’, ಚರ್ಮದ್ದು ‘ಗಾಲೆಯಾ’ ಎಂದು ವಿಂಗಡಿಸಿದನು. ಬಳಕೆಯಲ್ಲಿ ಈ ಭೇದ ಸದಾ ನಿಲ್ಲಲಿಲ್ಲವೆಂಬುದು ನಿಜ. ಆದರೂ ಆ ವಿವರಣೆ ಹಿಡಿದದ್ದು ಪದಾರ್ಥವನ್ನು. ನಮ್ಮ ಪದಗಳು ಹಿಡಿದದ್ದು ಕಾಯಬೇಕಾದ ಅಂಗವನ್ನು.

ಇಂದು ಈ ಕಾಪು ‘ಹೆಲ್ಮೆಟ್’ ಆಗಿದೆ. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮಿನಂತೆ ಸವಾರರಿಗೆ ಕಡ್ಡಾಯ. ಚಾಮರಾಜನಗರ–ಗುಂಡ್ಲುಪೇಟೆಯ ದಾರಿಯಲ್ಲಿ ಅದನ್ನು ತೋಳಿಗೆ ಸಿಕ್ಕಿಸಿಕೊಂಡು ಸಾಗುವ ತರುಣನಿಗೆ ಹಳೆಯ ಪದವೇ ಎಚ್ಚರಿಕೆ: ಸೀಸಕದ ಸ್ಥಾನ ಶೀರ್ಷ.