ಸತ್ತ ಎತ್ತು ಮತ್ತು ಸರ್ಕಾರ: ತಗಾವಿಯಿಂದ ಪರಿಹಾರದವರೆಗೆ

ಹುಬ್ಬಳ್ಳಿಯ ಬೆಂಗೇರಿ ಎಂದೊಡನೆ ಇಂದು ನೆನಪಾಗುವುದು ಖಾದಿ ರಾಷ್ಟ್ರಧ್ವಜ. ನಗರ ಅದನ್ನು ನುಂಗುವ ಮೊದಲು ಅದೂ ಜೋಳ, ಹತ್ತಿ ಬೆಳೆಯುವ ಎರೆಭೂಮಿಯ ಒಂದು ಹಳ್ಳಿ. ಎರೆಹೊಲದ ಸೀಮೆಯಲ್ಲಿ ಎತ್ತಿಲ್ಲದವನು ಹೊಲವಿದ್ದೂ ಇಲ್ಲದವನೇ. ಮಳೆ ಬಿದ್ದ ನಾಲ್ಕಾರು ದಿನಗಳ ಹದ ತಪ್ಪಿದರೆ ವರ್ಷವೇ ತಪ್ಪುತ್ತಿತ್ತು. ಹೀಗಾಗಿ ಬರದಲ್ಲಿ ದನ ಸತ್ತರೆ ಮರುವರ್ಷ ಮಳೆ ಬಂದರೂ ಬರ ಮುಗಿಯುತ್ತಿರಲಿಲ್ಲ.

ಹಳೆಯ ಆಳರಸರಿಗೆ ಇದು ಗೊತ್ತಿತ್ತು. 'ತಗಾವಿ' ಎಂಬ ಪದ ಅರಬಿಯ 'ತಕ್ವಿಯಾ'ದಿಂದ ಬಂದದ್ದು. ಬಲಪಡಿಸುವುದು ಎಂದು ಅರ್ಥ. ನಮ್ಮ ಮನೆಮಾತಿನ 'ಕುವ್ವತ್' ಅದೇ ಧಾತುವಿನದು. ಬಡ ರೈತನಿಗೆ ಮುಂಗಡ ಕೊಟ್ಟು ನಿಧಾನವಾಗಿ ವಸೂಲು ಮಾಡಬೇಕೆಂದು 'ಐನ್-ಇ-ಅಕ್ಬರಿ' ಕಂದಾಯದ ಅಧಿಕಾರಿಗೆ ಹೇಳುತ್ತದೆ. ಟಿಪ್ಪು ಸುಲ್ತಾನನ ಕಂದಾಯ ನಿಯಮಗಳಲ್ಲಿ ನೇಗಿಲಿನ ಲೆಕ್ಕದಲ್ಲಿ ತಗಾವಿ ಕೊಡುವ ಮಾತಿದೆ. 1791ರವರೆಗೆ ಧಾರವಾಡದ ಕೋಟೆಯೂ ಅವನ ವಶದಲ್ಲಿತ್ತು. ಇದನ್ನು ಬರಿಯ ಔದಾರ್ಯವೆಂದು ಹೊಗಳಬೇಕಾಗಿಲ್ಲ. ಉಳುಮೆ ನಿಂತರೆ ಕಂದಾಯವೂ ನಿಲ್ಲುತ್ತದೆ ಎಂಬ ಲೆಕ್ಕ ಅದರೊಳಗಿತ್ತು.

1876-78ರ ಭೀಕರ ಬರ ಮುಂಬಯಿ ಪ್ರಾಂತದಲ್ಲಿ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನು ಹಿಂಡಿತು. 1872ರ ಜನಗಣತಿಯಲ್ಲಿ ಸುಮಾರು 9 ಲಕ್ಷ 88 ಸಾವಿರವಿದ್ದ ಧಾರವಾಡ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 8 ಲಕ್ಷ 83 ಸಾವಿರಕ್ಕೆ ಇಳಿದಿತ್ತು. ಮನುಷ್ಯರ ಗತಿಯೇ ಹೀಗಾದಾಗ ದನಗಳನ್ನು ಕೇಳುವವರು ಯಾರು? ಬರದ ನಂತರ ಆಯೋಗ ಕುಳಿತಿತು, ಬರಗಾಲ ಸಂಹಿತೆಗಳು ಬಂದವು. 1884ರ ರೈತರ ಸಾಲ ಕಾಯ್ದೆ ಬೀಜ ಮತ್ತು ದನಗಳ ಖರೀದಿಗೆ ತಗಾವಿ ಕೊಡುವುದನ್ನು ಕಾನೂನಾಗಿಸಿತು. ಆದರೆ ಅದು ಸಾಲ. ಅದೂ ಸಾಗುವಳಿ ಭೂಮಿಯ ಒಡೆಯರಿಗೆ ಮತ್ತು ಅದನ್ನು ಹಿಡಿದವರಿಗೆ. ನಾಲ್ಕು ಆಡು ಕಟ್ಟಿಕೊಂಡ ಭೂಹೀನನಿಗೆ, ಕುರಿ ಕಾಯುತ್ತ ಸೀಮೆ ಸುತ್ತುವ ಹಾಲುಮತದವನಿಗೆ ಆ ಕಾಯ್ದೆಯಲ್ಲಿ ಜಾಗವಿರಲಿಲ್ಲ.

ಸಾಲದ ಜಾಗಕ್ಕೆ ಮರಳಿ ಕೊಡಬೇಕಿಲ್ಲದ ಪರಿಹಾರ ಬಂದದ್ದು ದೊಡ್ಡ ಬದಲಾವಣೆ. 1990ರಲ್ಲಿ ವಿಪತ್ತು ಪರಿಹಾರ ನಿಧಿ, 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ, ಅದರಡಿಯಲ್ಲಿ 2010ರಿಂದ ರಾಜ್ಯ ವಿಪತ್ತು ಸ್ಪಂದನ ನಿಧಿ. ಈಗ ಲೆಕ್ಕ ಭೂಮಿಯದಲ್ಲ, ಪ್ರಾಣಿಯದು. 2022-26ರ ಅವಧಿಗೆ ಕೇಂದ್ರ ನಿಗದಿಪಡಿಸಿದ ದರದಂತೆ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕುರಿ-ಆಡಿಗೆ 4,000.

ಆದರೆ ರೋಗ ಈ ವಿಪತ್ತುಗಳ ಪಟ್ಟಿಯಲ್ಲಿಲ್ಲ. 2022ರಲ್ಲಿ ಚರ್ಮಗಂಟು ರೋಗ ಉತ್ತರ ಕರ್ನಾಟಕದ ಕೊಟ್ಟಿಗೆಗಳನ್ನು ಹೊಕ್ಕಾಗ ರಾಜ್ಯ ಸರ್ಕಾರ ಬೇರೆಯಾಗಿ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಘೋಷಿಸಬೇಕಾಯಿತು. ಸತ್ತ ಕುರಿ-ಆಡಿಗೆ ಪರಿಹಾರ ಕೊಡುವ 'ಅನುಗ್ರಹ' ಯೋಜನೆಯೂ ರಾಜ್ಯದ್ದೇ. ನಡುವೆ ನಿಂತುಹೋಗಿದ್ದ ಅದನ್ನು 2023ರ ಬಜೆಟ್ಟು ಮತ್ತೆ ತಂದಿತು. ಸರ್ಕಾರ ಬದಲಾದಂತೆ ಬಂದು ಹೋಗುವ ನೆರವನ್ನು ಹಕ್ಕು ಎನ್ನುವುದು ಕಷ್ಟ.

ಕೇಂದ್ರದ ದರಪಟ್ಟಿಯಲ್ಲಿ ಇನ್ನೊಂದು ಮಿತಿಯಿದೆ: ಒಂದು ಕುಟುಂಬಕ್ಕೆ ಮೂರು ದೊಡ್ಡ ಹಾಲಿನ ಪ್ರಾಣಿ, ಇಲ್ಲವೇ 30 ಕುರಿ-ಆಡು. ಎರಡು ಎಮ್ಮೆ ಸಾಕುವವನಿಗೆ ಇದು ತೊಡಕಲ್ಲ. ನೂರು ಕುರಿಯ ಹಿಂಡು ಒಂದೇ ರಾತ್ರಿಯ ಹಳ್ಳದ ನೆರೆಗೆ ಹೋದರೆ ಎಪ್ಪತ್ತು ಕುರಿಗೆ ಲೆಕ್ಕವೇ ಇಲ್ಲ. ಉಳಿದ ಮೂವತ್ತಕ್ಕಾದರೂ ದಾಖಲೆ ಬೇಕು, ಪಶುವೈದ್ಯರ ಮರಣೋತ್ತರ ಪರೀಕ್ಷೆ ಬೇಕು. ಊರು ಬಿಟ್ಟು ಬೇರೆ ತಾಲ್ಲೂಕಿನ ಹೊಲದಲ್ಲಿ ಹಟ್ಟಿ ಹಾಕಿದ ಕುರಿಗಾರ ಸತ್ತ ಕುರಿಗಳನ್ನು ಎದುರಿಗಿಟ್ಟುಕೊಂಡು ವೈದ್ಯರು ಬರುವವರೆಗೆ ಕಾಯಬೇಕು, ಉಳಿದ ಹಿಂಡನ್ನೂ ಮೇಯಿಸಬೇಕು.