ವಿಜಾಪುರದ ನೀರು: ಕಟ್ಟಿದವರು, ಕುಡಿದವರು

ವಿಜಾಪುರಕ್ಕೆ ಬಂದವರೆಲ್ಲ ಗೋಳಗುಮ್ಮಟ ನೋಡಿ ಹೋಗುತ್ತಾರೆ. ಮಹಮ್ಮದ ಆದಿಲಶಹನ ಆ ಗೋರಿ ಮುಗಿದದ್ದು 1656ರಲ್ಲಿ. ಅದೇ ದೊರೆ ಐದು ವರ್ಷ ಮೊದಲು, 1651ರಲ್ಲಿ, ಊರ ದಕ್ಷಿಣಕ್ಕೆ ಬೇಗಂ ತಲಾಬ ಕಟ್ಟಿಸಿದ. ಗುಮ್ಮಟ ಸತ್ತವನ ಸಲುವಾಗಿ, ಕೆರೆ ಬದುಕಿರೋರ ಸಲುವಾಗಿ. ಆದರೂ ಚರಿತ್ರೆಯ ಪುಸ್ತಕಗಳು ಗುಮ್ಮಟದ ಮುಂದೆಯೇ ನಿಂತುಬಿಡುತ್ತವೆ. ಜೋರಾಪುರ ಪೇಟೆಯಲ್ಲಿ ನಿಂತು ‘ಗಂಜ್ ಅಂದ್ರೇನು?’ ಅಂತ ಕೇಳಿದರೆ, ಬಜಾರ ಅಂದಾರೇ ಹೊರತು ನೀರಿನ ಗೋಪುರ ಅನ್ನುವವರು ಎಷ್ಟು ಮಂದಿ?

ಆ ಗಂಜಿನ ಕೆಲಸವನ್ನು ನಾವು ತಿಳಿಯಬೇಕು. ಬೇಗಂ ತಲಾಬದ ನೀರು ಸುಟ್ಟ ಮಣ್ಣಿನ ಕೊಳವೆಗಳಲ್ಲಿ ನೆಲದಡಿ ಹರಿದು ಊರು ಸೇರುತ್ತಿತ್ತು. ಕೊಳವೆಗಳ ಸುತ್ತ ಗಚ್ಚಿನ ಕಟ್ಟು. ಎತ್ತುವ ಯಂತ್ರವಿಲ್ಲ, ಇಳಿಜಾರೇ ಎಲ್ಲ. ಆದರೆ ಇಳಿಜಾರಿನ ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆ ಒಡೆಯುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಸುಮಾರು 25ರಿಂದ 40 ಅಡಿ ಎತ್ತರದ ಕಲ್ಲಿನ ಗಂಜುಗಳು. ನೀರು ಅದರೊಳಗೆ ಮೇಲೇರಿ ಒತ್ತಡ ಕಳಕೊಳ್ಳುತ್ತಿತ್ತು, ರಾಡಿ ತಳಕ್ಕೆ ಕೂಡುತ್ತಿತ್ತು, ತಿಳಿನೀರು ಮುಂದೆ ಹೋಗುತ್ತಿತ್ತು. ಪಶ್ಚಿಮದ ತೊರವಿಯಿಂದಲೂ ಸುರಂಗದಲ್ಲಿ ನೀರು ಬರುತ್ತಿತ್ತು.

ಈ ಬುದ್ಧಿ ದೊಡ್ಡದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೆಸರುಗಳನ್ನು ನೋಡಿ. 1579ರ ಬಾವಡಿಗೆ ಚಾಂದಬೀಬಿಯ ಹೆಸರು. 1620ರ ಬಾವಡಿಗೆ ತಾಜ್ ಸುಲ್ತಾನಾಳ ಹೆಸರು. ಕೆರೆಗೆ ಜಹಾನ್ ಬೇಗಮಳ ಹೆಸರು. ಸುರಂಗದ ಕತ್ತಲಲ್ಲಿ ಮಲಗಿ ಕಲ್ಲು ಕಡಿದವನು, ಬುಟ್ಟಿ ಹೊತ್ತವಳು, ಗಚ್ಚು ಅರೆದವಳು ಯಾವ ಹೆಸರಿನಲ್ಲಿದ್ದಾರೆ?

ಇನ್ನೊಂದು ಮಾತು. ಪಂಪು ಬರುವ ಮುಂಚೆ ಹೊಲದ ಬಾವಿಯ ನೀರನ್ನು ಎತ್ತು ಹೂಡಿ ಎತ್ತುತ್ತಿದ್ದುದು ತೊಗಲಿನ ಚೀಲದಿಂದ. ಆ ತೊಗಲು ಹದ ಮಾಡಿದವರು, ಹೊಲಿದವರು ನಮ್ಮ ಜನ. ಚೀಲ ಬಾವಿಗೆ ಇಳಿದರೆ ಮೈಲಿಗೆಯಿಲ್ಲ, ಚೀಲ ಹೊಲಿದ ಕೈ ಇಳಿದರೆ ಮೈಲಿಗೆ! ಇದು ಯಾವ ಶಾಸ್ತ್ರದ ಲೆಕ್ಕ?

ವಿಜಾಪುರ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1923ರಲ್ಲಿ ಮುಂಬಯಿ ವಿಧಾನ ಪರಿಷತ್ತು ಬೋಲೆಯವರ ಠರಾವು ಒಪ್ಪಿತು. ಸರ್ಕಾರದ ದುಡ್ಡಿನ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆಯಬೇಕು ಅಂತ. ಠರಾವು ಕಾಗದದಲ್ಲಿ ಉಳಿಯಿತು. ಅದೇ ಪ್ರಾಂತದ ಮಹಾಡದಲ್ಲಿ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಚೌದಾರ ಕೆರೆಗೆ ನಡೆದು ಬೊಗಸೆ ನೀರು ಕುಡಿಯಬೇಕಾಯಿತು. ಕುಡಿದದ್ದಕ್ಕೆ ಏಟು ಬಿತ್ತು, ಆಮೇಲೆ ಮೇಲ್ಜಾತಿಯವರು ಕೆರೆಯನ್ನೇ ‘ಶುದ್ಧ’ ಮಾಡಿದರು. 1950ರ ಸಂವಿಧಾನ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರು ಹೇಳಿಯೇ ಹಕ್ಕು ಬರೆದದ್ದು ಸುಮ್ಮನೆ ಅಲ್ಲ. ಹೆಸರು ಹೇಳದಿದ್ದರೆ ಈ ಸಮಾಜ ಕೊಡುತ್ತಿರಲಿಲ್ಲ.

ಇವತ್ತು ಕೊಲ್ಹಾರದಲ್ಲಿ ಪಂಪು ಕೃಷ್ಣೆಯ ನೀರು ಎತ್ತಿ ಊರಿಗೆ ತಳ್ಳುತ್ತದೆ. ಗಂಜಿನ ಜಾಗದಲ್ಲಿ ಸಿಮೆಂಟಿನ ಟಾಕಿ ನಿಂತಿದೆ. ಪಂಪು ಜಾತಿ ಕೇಳುವುದಿಲ್ಲ, ಆದರೆ ಪೈಪು ಎಲ್ಲಿವರೆಗೆ ಅಂತ ಗೆರೆ ಎಳೆಯುವವನು ಮನುಷ್ಯ. ಒತ್ತಡ ಇಳಿಸಿ ನೀರು ಮುಂದೆ ಕಳಿಸೋದನ್ನ ಕಲ್ಲಿನ ಗೋಪುರಕ್ಕೆ ಕಲಿಸಿದ ಊರು ಇದು. ನೀರಿನ ಚರಿತ್ರೆ ಬರೆಯುವವರಿಗೆ ನಾವು ಹೇಳೋದಿಷ್ಟೇ: ನೀರು ಎಲ್ಲಿಂದ ಬಂತು ಅಂತ ಬರೆದರೆ ಅರ್ಧ ಚರಿತ್ರೆ. ಯಾರ ಕೇರಿಯ ಮುಂದೆ ನಿಂತಿತು ಅಂತಲೂ ಬರೀರಿ.